ಮುಖದ ಕಲೆ

ನಮ್ಮ ಕಾಲೇಜಿನ ಪ್ರಾಂಶುಪಾಲರು ಈಚೆಗೆ ಒಂದು ಸುತ್ತೋಲೆ ಹೊರಡಿಸಿದರು. ಅಧ್ಯಾಪಕರೆಲ್ಲರೂ ಮೂರು ದಿನಗಳೊಳಗೆ ತಮ್ಮ ತಮ್ಮ ಭಾವಚಿತ್ರವನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಅವುಗಳನ್ನು ಕಾಲೇಜಿನ ಜಾಲತಾಣದಲ್ಲಿ ಪ್ರಕಟಿಸಲಾಗುವುದು. ಚಿತ್ರದಲ್ಲಿ ಮುಖವು ಪ್ರಸನ್ನವಾಗಿರತಕ್ಕದ್ದು. ಪರಿಶೀಲನಾ ಸಮಿತಿಯವರು ಬರುತ್ತಾರೆಂಬ ವದಂತಿ ಹಬ್ಬಿದ್ದ ಕಾಲ ಅದು. ಇಪ್ಪತ್ತು ವರ್ಷ ಹಳಗನ್ನಡ ವ್ಯಾಕರಣ ಪಾಠ ಹೇಳಿದವನಿಗೆ ಮೂರು ದಿನಗಳಲ್ಲಿ ಪ್ರಸನ್ನವದನನಾಗು ಎಂದರೆ ಸುಲಭದ ಮಾತಲ್ಲ. ಆದರೆ ಕಚೇರಿಯ ಭಾಷೆಯಲ್ಲಿ ‘ತಕ್ಕದ್ದು’ ಎಂದ ಮೇಲೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ.

ನನ್ನ ಬಳಿ ಭಾವಚಿತ್ರಗಳೇ ಇರಲಿಲ್ಲವೆಂದಲ್ಲ. ಒಂದು ಮತದಾರರ ಗುರುತಿನ ಚೀಟಿಯದು. ಅದನ್ನು ನೋಡಿ ನನ್ನನ್ನು ಗುರುತಿಸಬಲ್ಲವನು ಲೋಕದಲ್ಲಿ ನಾನೊಬ್ಬನೇ. ಇನ್ನೊಂದು ಮದುವೆಯದು, ಅದರಲ್ಲಿ ಪೇಟ ಹಣೆಯನ್ನೂ ಹುಬ್ಬನ್ನೂ ಆಕ್ರಮಿಸಿಕೊಂಡು ಕಣ್ಣಿನವರೆಗೆ ಇಳಿದಿದೆ. “ಅದನ್ನೇ ಕೊಡಿ ಅಂದ್ರೆ. ಅರ್ಧ ಮುಖ ಮುಚ್ಚಿದೆ, ಒಳ್ಳೆಯದೇ ಆಯಿತು” ಎಂದಳು ನಮ್ಮಾಕೆ.

ಕೈಯಲ್ಲೇ ಫೋನಿರುವಾಗ ಚಿಂತೆಯೇಕೆಂದು ನಾನೇ ತೆಗೆದುಕೊಳ್ಳಲು ಹೊರಟೆ. ತೋಳು ಚಾಚಿ, ಗಲ್ಲವೆತ್ತಿ, ಪ್ರಸನ್ನತೆಯನ್ನು ಬರಮಾಡಿಕೊಂಡು ಹದಿನಾಲ್ಕು ಚಿತ್ರ ತೆಗೆದೆ. ಹದಿನಾಲ್ಕರಲ್ಲಿಯೂ ಮೂಗು ಮುಂದೆ ಬಂದು ನಿಂತು ಮಿಕ್ಕ ಮುಖವನ್ನು ಹಿಂದಕ್ಕೆ ತಳ್ಳಿತ್ತು. ದೊಡ್ಡ ಮೂಗು ನಮ್ಮ ಮನೆತನದ ಆಸ್ತಿ, ಒಪ್ಪಿದೆ; ಆದರೆ ಇಷ್ಟು ದೊಡ್ಡ ಆಸ್ತಿಯಲ್ಲ. ಭೌತಶಾಸ್ತ್ರ ವಿಭಾಗದ ಮಿತ್ರರು ನನ್ನನ್ನು ಸಮಾಧಾನಪಡಿಸಿದರು. ಕ್ಯಾಮೆರಾ ಮೊಳದಷ್ಟು ದೂರದಲ್ಲಿದ್ದರೆ ಮೂಗಿಗೂ ಕಿವಿಗೂ ನಡುವಿನ ನಾಲ್ಕೈದು ಅಂಗುಲವೇ ದೊಡ್ಡ ಅಂತರವಾಗುತ್ತದಂತೆ. ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ಐದಾರು ಅಡಿ ಹಿಂದೆ ಸರಿದರೆ ಆ ಅಂತರ ಲೆಕ್ಕಕ್ಕೆ ಬರುವುದಿಲ್ಲ. ಸ್ಟುಡಿಯೋದವರು ದೂರ ನಿಂತು ಉದ್ದನೆಯ ಮಸೂರ ಹಾಕಿ ತೆಗೆಯುವುದು ಇದಕ್ಕೇ. ಮನುಷ್ಯನನ್ನು ಇರುವ ಹಾಗೆ ನೋಡಬೇಕಾದರೆ ಒಂದಿಷ್ಟು ದೂರ ಬೇಕು. ಇದು ಮೂಗಿಗೆ ಮಾತ್ರ ಅನ್ವಯಿಸುವ ನಿಯಮವಲ್ಲವೆಂದು ನನ್ನ ಅಭಿಪ್ರಾಯ.

ಸರಿ, ಸ್ಟುಡಿಯೋಕ್ಕೆ ಹೋದೆ. ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗನೊಬ್ಬ ಸ್ಟೂಲಿನ ಮೇಲೆ ಕೂರಿಸಿ, ಭುಜ ತಿರುಗಿಸಿ, ಗಲ್ಲ ತಗ್ಗಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸಿದ. ಅನಂತರ ಕಂಪ್ಯೂಟರಿನ ಮುಂದೆ ಕುಳಿತು ನನ್ನ ಕಣ್ಣೆದುರಿಗೇ ನನ್ನನ್ನು ತಿದ್ದತೊಡಗಿದ. ಉತ್ತರಪತ್ರಿಕೆಗಳನ್ನು ತಿದ್ದಿ ಬಲ್ಲೆ. ತಿದ್ದಿಸಿಕೊಂಡದ್ದು ಅದೇ ಮೊದಲು. ಕಣ್ಣ ಕೆಳಗಿನ ಚೀಲಗಳು ಹೋದುವು. ಎಡಗೆನ್ನೆಯ ನರುಲ್ಲಿ ಹೋಯಿತು. ಕಿವಿಯ ಮೇಲಿನ ಬಿಳಿಕೂದಲು ಕಪ್ಪಾಯಿತು. “ಇರಲಿ ಬಿಡಪ್ಪ” ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಚಿತ್ರ ಜಾಲತಾಣದಲ್ಲಿ ಪ್ರಕಟವಾದ ಮರುದಿನ ಎರಡನೆಯ ಬಿ.ಎ.ಯ ಹುಡುಗಿಯೊಬ್ಬಳು ಬಹಳ ವಿನಯದಿಂದ ಕೇಳಿದಳು: “ಸಾರ್, ವೆಬ್‌ಸೈಟಿನಲ್ಲಿರೋರು ನಿಮ್ಮ ತಮ್ಮನಾ ಸಾರ್?”

ನಗಬೇಡಿ. ಈ ದೌರ್ಬಲ್ಯ ನನ್ನೊಬ್ಬನದಲ್ಲ. ೧೯೭೭ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಒಂದು ಸಣ್ಣ ಪ್ರಯೋಗ ಮಾಡಿದರು. ಒಬ್ಬಳ ಭಾವಚಿತ್ರವನ್ನು ಎರಡು ಬಗೆಯಲ್ಲಿ ಮುದ್ರಿಸಿದರು: ಒಂದು, ಲೋಕ ಅವಳನ್ನು ಕಾಣುವ ಹಾಗೆ, ಇನ್ನೊಂದು, ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲಾಗಿ. ಯಾವುದು ಚೆನ್ನಾಗಿದೆಯೆಂದು ಕೇಳಿದಾಗ ಚಿತ್ರದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ಮುಖವನ್ನು ಮೆಚ್ಚಿದರು. ಅವರ ಸ್ನೇಹಿತರು ಹೆಚ್ಚಾಗಿ ಇನ್ನೊಂದನ್ನು ಮೆಚ್ಚಿದರು. ಎಂದರೆ, ನನ್ನದೆಂದು ನಾನು ಬಲ್ಲ ಮುಖ ಒಂದು, ನನ್ನವರು ಬಲ್ಲ ಮುಖ ಬೇರೊಂದು. ಆಯುಷ್ಯವೆಲ್ಲ ಹೊತ್ತು ತಿರುಗುವವನು ನಾನು. ಆದರೆ ಅದನ್ನು ನೋಡುವ ಹಕ್ಕು ನನ್ನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಇದೆ. ಫೋಟೋ ಕೈಗೆ ಬಂದಾಗ “ಇದೇನು, ನಾನು ಹೀಗಿದ್ದೇನೆಯೇ?” ಎಂದು ನಾವು ಮುಖ ಸಿಂಡರಿಸುವುದೂ, ಪಕ್ಕದಲ್ಲಿದ್ದವರು “ಥೇಟು ನೀವೇ!” ಎಂದು ಹಿಗ್ಗುವುದೂ ಈ ಕಾರಣಕ್ಕೆ.

ನಮ್ಮ ಭಾಷೆ ಇದನ್ನು ಮೊದಲೇ ಊಹಿಸಿತ್ತೋ ಏನೋ. ಫೋಟೋಗ್ರಾಫಿಗೆ ನಾವು ಛಾಯಾಚಿತ್ರವೆಂದೆವು. ಅದು ನೆರಳು ಬೆಳಕಿನ ಲೆಕ್ಕ, ಯಂತ್ರಕ್ಕೆ ಬಿಟ್ಟ ವಿಷಯ. ಒಬ್ಬನ ಮುಖವನ್ನು ತೆಗೆದರೆ ಮಾತ್ರ ಅದಕ್ಕೆ ಭಾವಚಿತ್ರವೆಂಬ ಬೇರೆಯ ಹೆಸರು. ಛಾಯೆಯನ್ನು ಹಿಡಿದರೆ ಸಾಲದು, ಭಾವ ಸಿಕ್ಕಬೇಕು ಎಂಬ ಷರತ್ತು ಆ ಹೆಸರಿನಲ್ಲೇ ಅಡಗಿದೆ.

ಈ ಷರತ್ತನ್ನು ಅರಿತವರು ಕಸುಬಿನ ಪ್ರಾರಂಭದಿಂದಲೂ ಇದ್ದರು. ೧೮೩೯ರಲ್ಲಿ ಫ್ರಾನ್ಸಿನ ದಗೇರ್ ತನ್ನ ವಿಧಾನವನ್ನು ಲೋಕಕ್ಕೆ ಸಾರಿದ; ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣ ಕ್ಯಾಮೆರಾವನ್ನು ನಿಲ್ಲಿಸಿ, ಅದರ ಎದುರಿಗೆ ತಾನೇ ಹೋಗಿ ಹಲವು ನಿಮಿಷ ಅಲುಗದೆ ಇದ್ದು ತನ್ನ ಮುಖವನ್ನು ತಾನೇ ತೆಗೆದುಕೊಂಡ. ಇಂದಿನ ನಮ್ಮ ‘ಸೆಲ್ಫಿ’ಯ ಮೂಲಪುರುಷ ಅವನೇ. ಕೂದಲು ಕೆದರಿದೆ, ಚಿತ್ರದ ನಡುಭಾಗದಲ್ಲಿ ಅವನಿಲ್ಲ. ಪ್ರಸನ್ನತೆಯಂತೂ ಇಲ್ಲವೇ ಇಲ್ಲ. ಆದರೂ ನೋಡಿದೊಡನೆ ಒಬ್ಬ ಮನುಷ್ಯನನ್ನು ಕಂಡಂತಾಗುತ್ತದೆ. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆಗೆ ೪೮ನೆಯ ವಯಸ್ಸಿನಲ್ಲಿ ಮಗಳು ಅಳಿಯಂದಿರು ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆ ವಯಸ್ಸಿನಲ್ಲಿ ನಾವು ನಿವೃತ್ತಿ ವೇತನದ ಲೆಕ್ಕ ಹಾಕುತ್ತಿರುತ್ತೇವೆ. ಆಕೆ ಡಾರ್ವಿನ್, ಟೆನಿಸನ್ ಮೊದಲಾದವರ ಭಾವಚಿತ್ರಗಳನ್ನು ತೆಗೆದು ಹೆಸರಾದಳು. ಅವಳ ಚಿತ್ರಗಳಲ್ಲಿ ಅಂಚು ಮಸುಕು. ಗಾಜಿನ ಫಲಕದ ಗೀರೂ ಬೆರಳಿನ ಗುರುತೂ ಹಾಗೆಯೇ ಉಳಿದಿವೆ. ಕೆಲಸ ಬಾರದವಳೆಂದು ಆ ಕಾಲದ ವಿಮರ್ಶಕರು ಮೂಗು ಮುರಿದರು. ಇಂದು ಜನ ಆ ಮುಖಗಳ ಮುಂದೆ ಸುಮ್ಮನೆ ನಿಲ್ಲುತ್ತಾರೆ. ನಮ್ಮಲ್ಲಿಯೂ ಎ. ಎನ್. ಮುಕುಂದ ಅವರು ತೆಗೆದ ಕನ್ನಡ ಸಾಹಿತಿಗಳ ಭಾವಚಿತ್ರಗಳನ್ನು ನೋಡಿದವರಿಗೆ ಗೊತ್ತು, ಸುಕ್ಕು ಎಂಬುದು ಮುಖದ ದೋಷವಲ್ಲ, ಅದರ ಲಿಪಿ.

ಇಷ್ಟೆಲ್ಲ ಬಲ್ಲವನು ನಾನು. ಬಲ್ಲವನಾಗಿ ಮಾಡಿದ್ದೇನು ಎಂಬುದನ್ನು ಈಗ ಹೇಳಬೇಕು.

ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಎರಡು ವರ್ಷದ ಹಿಂದೆ ನನ್ನ ಮಗಳು ಅಜ್ಜಿಯ ಕೈಗೆ ಒಂದು ಫೋನು ಕೊಟ್ಟು ವಾಟ್ಸಾಪಿನ ವಿದ್ಯೆ ಕಲಿಸಿದಳು. ಊರಿನ ನೆಂಟರೆಲ್ಲ ಅದರಲ್ಲಿ ಸೇರಿದರು. ಎಲ್ಲರ ಹೆಸರಿನ ಪಕ್ಕದಲ್ಲಿಯೂ ಒಂದು ದುಂಡನೆಯ ಕಿಟಕಿ, ಕಿಟಕಿಯಲ್ಲಿ ಒಂದು ಮುಖ. ಅಮ್ಮನ ಕಿಟಕಿಯಲ್ಲಿ ಮಾತ್ರ ಕಣ್ಣು ಮೂಗಿಲ್ಲದ ಬೂದು ಬಣ್ಣದ ಗೊಂಬೆ. ನಮ್ಮ ಮನೆಯ ಹಳೆಯ ಆಲ್ಬಮ್ಮುಗಳಲ್ಲಿಯೂ ಹೀಗೆಯೇ. ಮದುವೆ ಮುಂಜಿಗಳ ಗುಂಪಿನ ಚಿತ್ರಗಳಲ್ಲಿ ಅಮ್ಮ ಹಿಂದಿನ ಸಾಲಿನಲ್ಲಿ ಯಾರದೋ ಭುಜದ ಮರೆಯಲ್ಲಿ ನಿಂತಿರುತ್ತಾಳೆ. ಇಲ್ಲವೇ ಸರಿಯಾಗಿ ಆ ಕ್ಷಣಕ್ಕೆ ಮಗುವಿನ ಮೂಗು ಒರೆಸಲು ಬಗ್ಗಿರುತ್ತಾಳೆ. ಅದು ಸಂಕೋಚವೆಂದು ನಾವೆಲ್ಲ ತಿಳಿದಿದ್ದೆವು.

ಅಮ್ಮನ ಮುಖದ ತುಂಬ ಸಿಡುಬಿನ ಕಲೆಗಳಿವೆ. ಒಂಬತ್ತನೆಯ ವಯಸ್ಸಿನಲ್ಲಿ ಬಂದದ್ದು. ಆಗ ಯಾರೂ ಅದನ್ನು ರೋಗವೆನ್ನುತ್ತಿರಲಿಲ್ಲ. “ಅಮ್ಮ ಬಂದಿದ್ದಾಳೆ” ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತಿದ್ದರು. ನಮ್ಮ ದೇಶದಲ್ಲಿ ಕಟ್ಟಕಡೆಯ ಸಿಡುಬು ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಲೋಕದಿಂದಲೇ ಅದು ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನನ್ನ ಮಗಳ ವಯಸ್ಸಿನವರು ಆ ಕಲೆಗಳನ್ನು ಕಂಡಿರುವುದು ಅಜ್ಜಿಯಂದಿರ ಮುಖದಲ್ಲಿ ಮಾತ್ರ. ನನಗಂತೂ ಅವು ಕಲೆಗಳೆಂದು ತಿಳಿದದ್ದೇ ಶಾಲೆಗೆ ಹೋದ ಮೇಲೆ. ಅದಕ್ಕೆ ಮೊದಲು ಎಲ್ಲ ತಾಯಂದಿರ ಕೆನ್ನೆಯೂ ಹಾಗೆಯೇ ಇರುತ್ತದೆಂದು ನಂಬಿದ್ದೆ.

ಸ್ಟುಡಿಯೋದಿಂದ ಬಂದ ಹುರುಪಿನಲ್ಲಿ, ಆ ಭಾನುವಾರ ಬೆಳಗ್ಗೆ, ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅಮ್ಮನನ್ನು ಕರೆದೆ. ಅವಳು ತಲೆಯೆತ್ತಿದೊಡನೆ ಅವಳ ಒಪ್ಪಿಗೆಗೆ ಕಾಯದೆ ತೆಗೆದುಬಿಟ್ಟೆ. ಚಿತ್ರ ಸೊಗಸಾಗಿ ಬಂದಿತ್ತು. ಆಗಲೇ ಅವಳ ಕಿಟಕಿಯಲ್ಲಿ ಅದನ್ನು ಕೂರಿಸಿ, ನೆಂಟರ ಗುಂಪಿಗೂ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಹೊಗಳಿಕೆಯ ಮಳೆ. “ಅತ್ತೆ ಇಪ್ಪತ್ತು ವರ್ಷ ಚಿಕ್ಕೋರಾಗಿದ್ದಾರೆ”, “ದೊಡ್ಡಮ್ಮ ಎಷ್ಟು ಲಕ್ಷಣ!” ಕೆಂಪು ಹೃದಯಗಳಂತೂ ಎಣಿಕೆಗೆ ಸಿಗಲಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, ನನಗಲ್ಲ, ತನಗೇ ಎಂಬಂತೆ ಹೇಳಿದಳು:

“ಇವಳು ಮತ್ತೆ ಬಂದ್ಲೇನು?”

ಚಿತ್ರವನ್ನು ತಿರುಗಿ ನೋಡಿದೆ. ಕೆನ್ನೆ ನುಣುಪಾಗಿತ್ತು. ಒಂದು ಕಲೆಯೂ ಇರಲಿಲ್ಲ. ಎಷ್ಟೋ ಫೋನುಗಳಲ್ಲಿ ಮುಖವನ್ನು ಕಂಡೊಡನೆ ಅದನ್ನು ತಾನಾಗಿಯೇ ನುಣ್ಣಗೆ ಮಾಡುವ ಏರ್ಪಾಡು ಇರುತ್ತದೆ, ಯಾರೂ ಕೇಳಬೇಕಾಗಿಲ್ಲ. ೨೦೨೦ರಲ್ಲಿ ಗೂಗಲ್ ಸಂಸ್ಥೆ ತನ್ನ ಹೊಸ ಫೋನುಗಳಲ್ಲಿ ಈ ಏರ್ಪಾಡು ತಾನಾಗಿ ಕೆಲಸಮಾಡದಂತೆ ನಿಲ್ಲಿಸಿತೆಂದು ಆಮೇಲೆ ಓದಿದೆ. ನನ್ನ ಫೋನು ಆ ಜಾತಿಯದಲ್ಲ. ಆದರೆ ತಪ್ಪನ್ನೆಲ್ಲ ಫೋನಿನ ಮೇಲೆ ಹೊರಿಸಿದರೆ ಸುಳ್ಳಾದೀತು. ಕಲೆಗಳು ಮಾಯವಾದದ್ದು ಕಳುಹಿಸುವ ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದು, ಚೆನ್ನಾಗಿದೆ ಎನಿಸಿತ್ತು.

“ಮತ್ತೆ ಅಂದರೆ?” ಎಂದು ಕೇಳಿದೆ. ಐವತ್ತು ವರ್ಷ ಬಾಯಿ ಬಿಡದಿದ್ದ ಕತೆಯನ್ನು ಅಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು.

೧೯೭೧ರ ಮಾತು. ಗಂಡಿನ ಕಡೆಯವರು ಫೋಟೋ ಕೇಳಿದರೆಂದು ತಾತ ಅವಳನ್ನು ಬಸ್ಸಿನಲ್ಲಿ ತಿಪಟೂರಿಗೆ ಕರೆದುಕೊಂಡು ಹೋದರು. ಸ್ಟುಡಿಯೋದಲ್ಲಿ ಸರೋವರ, ಅರಮನೆ ಬರೆದ ಪರದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು. ಗೋಡೆಯ ಕನ್ನಡಿಯ ಬಳಿ ಬಾಚಣಿಗೆ, ಪೌಡರಿನ ಡಬ್ಬಿ. ಫೋಟೋದವನು ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ ನೋಡಿ, ಹೊರಗೆ ಬಂದು ತಾತನ ಕಿವಿಯಲ್ಲಿ ಹೇಳಿದನಂತೆ: “ಯೋಚನೆ ಮಾಡಬೇಡಿ ಯಜಮಾನರೇ, ಎಲ್ಲ ಸರಿಮಾಡಿ ಕೊಡ್ತೀನಿ.”

ಸರಿಮಾಡುವುದು ಆಗ ಗುಂಡಿ ಒತ್ತಿದಷ್ಟು ಸುಲಭವಾಗಿರಲಿಲ್ಲ. ನೆಗೆಟಿವಿನಲ್ಲಿ ಬೆಳಕು ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಇರುತ್ತದಷ್ಟೆ. ಮುಖದ ಒಂದೊಂದು ಕುಳಿಯೂ ಅಲ್ಲಿ ಒಂದೊಂದು ತಿಳಿಯ ಚುಕ್ಕೆ. ನೆಗೆಟಿವಿಗೆ ಅಂಟಿನಂಥ ಒಂದು ದ್ರವವನ್ನು ತೆಳ್ಳಗೆ ಸವರಿ, ಬೆಳಕಿಗೆ ಹಿಡಿದು, ಸೂಜಿಯಂತೆ ಚೂಪು ಮಾಡಿದ ಗಟ್ಟಿ ಪೆನ್ಸಿಲಿನಿಂದ ಆ ಚುಕ್ಕೆಗಳನ್ನು ಒಂದೊಂದಾಗಿ ತುಂಬಬೇಕು. ಒಂದು ಗೆರೆ ಹೆಚ್ಚಾದರೆ ಕಾಗದದ ಮೇಲೆ ಅದು ಬಿಳಿಯ ಮಚ್ಚೆಯಾಗುತ್ತದೆ. ಕಣ್ಣು ಕೀಳುವ ಕೆಲಸ. ಅಮ್ಮನ ಮುಖಕ್ಕೆ ಆ ಮನುಷ್ಯ ಎಷ್ಟು ಹೊತ್ತು ಕುಳಿತಿದ್ದನೋ! ಆ ಫೋಟೋ ಈಗಲೂ ಅವಳ ಟ್ರಂಕಿನ ತಳದಲ್ಲಿದೆ, ನೋಡಿದೆ. ಕೈಚಳಕಕ್ಕೆ ತಲೆದೂಗಬೇಕು. ಆದರೆ ಅದರಲ್ಲಿರುವವಳು ನನಗೆ ಗೊತ್ತಿಲ್ಲ.

ಫೋಟೋ ಮೆಚ್ಚಿ ಗಂಡಿನವರು ಬಂದರು. ಅಮ್ಮ ಕಾಫಿ ತಂದಿಟ್ಟು ಚಾಪೆಯ ಮೇಲೆ ಕುಳಿತಳು. ಗಂಡಿನ ಸೋದರತ್ತೆ ಚೀಲದಿಂದ ಫೋಟೋ ತೆಗೆದು, ಒಮ್ಮೆ ಅದನ್ನು, ಒಮ್ಮೆ ಇವಳನ್ನು, ಮತ್ತೊಮ್ಮೆ ಅದನ್ನು ನೋಡಿದರು. ಯಾರೂ ಮಾತಾಡಲಿಲ್ಲ. ಗಂಡು, ಪ್ರೈಮರಿ ಸ್ಕೂಲಿನ ಮೇಷ್ಟ್ರು, ನಮ್ಮ ಅಪ್ಪ, ಅತ್ತೆಯ ಕೈಯಿಂದ ಫೋಟೋ ತೆಗೆದುಕೊಂಡು ತಾತನಿಗೆ ಹಿಂದಕ್ಕೆ ಕೊಟ್ಟರು. “ಇದನ್ನ ನೀವೇ ಇಟ್ಟುಕೊಳ್ಳಿ. ಇದು ಇವರ ಫೋಟೋ ಅಲ್ಲ” ಎಂದರು. ಉಪ್ಪಿಟ್ಟು ತಿಂದರು, ಹೊರಟುಹೋದರು.

ಒಲ್ಲೆನೆಂದು ಹೇಳಿದ ರೀತಿ ಅದೆಂದು ಮನೆಯವರೆಲ್ಲ ತಿಳಿದರು. ಹದಿನೈದು ದಿನ ಅಮ್ಮ ಕನ್ನಡಿ ನೋಡದೆ ಬೈತಲೆ ತೆಗೆದುಕೊಂಡಳಂತೆ. ಹದಿನಾರನೆಯ ದಿನ ಕಾರ್ಡು ಬಂತು: ಹುಡುಗ ಒಪ್ಪಿದ್ದಾನೆ, ಲಗ್ನ ನೋಡಿಸಿ.

“ನಿಮ್ಮಪ್ಪ ಆಮೇಲೆ ಯಾವತ್ತೂ ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ” ಎಂದಳು ಅಮ್ಮ. “ಆದರೆ ಆ ಫೋಟೋದೋಳು ಮಾತ್ರ ನನ್ನ ಬೆನ್ನು ಬಿಡಲಿಲ್ಲ ನೋಡು. ಅವಳನ್ನ ಹೊಗಳಿದಾಗೆಲ್ಲ ನನ್ನನ್ನ ಬೈದ ಹಾಗಾಗುತ್ತೆ.”

ನೆಂಟರ ಕೆಂಪು ಹೃದಯಗಳನ್ನು ನೆನೆದೆ. ಆ ಸೋದರತ್ತೆ ಚೀಲದಿಂದ ತೆಗೆದ ಫೋಟೋವನ್ನು ಐವತ್ತು ವರ್ಷದ ಮೇಲೆ ನಾನು ಊರಿಗೆಲ್ಲ ಹಂಚಿದ್ದೆ. ಅಮ್ಮನ ಮುಖದಲ್ಲಿ ತಿದ್ದತಕ್ಕದ್ದು ಇದೆಯೆಂದು ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ ಸಹಿ ಹಾಕಿದಂತಾಯಿತು. ಅವಳ ಕಿಟಕಿಯಿಂದ ಆ ಚಿತ್ರವನ್ನು ತೆಗೆದೆ. ಬೂದು ಗೊಂಬೆ ಮರಳಿ ಬಂತು.

ಕನ್ನಡದಲ್ಲಿ ‘ಕಲೆ’ ಎಂಬ ಮಾತು ಎರಡಿವೆ. ಒಂದು ಸಂಸ್ಕೃತದ ಕಲಾ ಎಂಬುದರಿಂದ ಬಂದದ್ದು. ಸಂಗೀತವೂ ಚಿತ್ರವೂ ಅದರ ಪಾಲು. ಇನ್ನೊಂದು ಅಚ್ಚಗನ್ನಡದ್ದು, ಗಾಯ ಮಾಗಿದ ಮೇಲೆ ಉಳಿಯುವುದು. ಚಂದ್ರನಲ್ಲಿ ಎರಡೂ ಇವೆ; ಅವನಿಗೆ ಹದಿನಾರು ಕಲೆಗಳೆನ್ನುತ್ತೇವೆ, ಮೈಮೇಲಿನ ಮಚ್ಚೆಯನ್ನೂ ಕಲೆಯೆನ್ನುತ್ತೇವೆ. ವರ್ಷ ವರ್ಷವೂ ತರಗತಿಯಲ್ಲಿ ಇದನ್ನು ಹೇಳಿ ಹುಡುಗರನ್ನು ನಗಿಸಿದ್ದೇನೆ. ಒಂದು ಕಲೆಯ ಹೆಸರಿನಲ್ಲಿ ಇನ್ನೊಂದನ್ನು ಅಳಿಸುವ ಕೆಲಸ ನಾನೇ ಮಾಡುತ್ತೇನೆಂದು ಎಣಿಸಿರಲಿಲ್ಲ.

ಎರಡು ವಾರ ಕಳೆಯಿತು. ಫೋನಿನ ಆ ಏರ್ಪಾಡನ್ನು ಹುಡುಕಿ ನಿಲ್ಲಿಸಿದೆನೆಂದು ಮಾತಿನ ನಡುವೆ ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ. ಮರುದಿನ ತಾನಾಗಿಯೇ, “ಇದ್ದ ಹಾಗೆ ತೆಗೆಯೋಕೆ ಬರುತ್ತೆ ಅನ್ನೋದಾದರೆ ಒಂದು ತೆಗಿ, ನೋಡೋಣ” ಎಂದಳು.

ಈ ಸಲ ಅವಸರಪಡಲಿಲ್ಲ. ಬೆಳಕಿನ ವಿಚಾರವನ್ನು ಸ್ವಲ್ಪ ಓದಿಕೊಂಡಿದ್ದೆ. ಎದುರಿನಿಂದ ಹರಡಿ ಬೀಳುವ ಬೆಳಕು ಕುಳಿ ದಿಣ್ಣೆಗಳನ್ನು ಮರೆಸುತ್ತದೆ. ಪಕ್ಕದಿಂದ ಬೀಳುವ ಬೆಳಕು ಒಂದೊಂದರ ಪಕ್ಕದಲ್ಲೂ ಒಂದೊಂದು ನೆರಳನ್ನಿಟ್ಟು ಎಣಿಸಿ ತೋರಿಸುತ್ತದೆ. ಒಂದು ಮುಚ್ಚಿಡುವ ಬೆಳಕು, ಇನ್ನೊಂದು ಚಾಡಿ ಹೇಳುವ ಬೆಳಕು. ಎರಡೂ ಬೇಡವೆನಿಸಿತು. ಅಮ್ಮ ದಿನವೂ ಕುಳಿತುಕೊಳ್ಳುವ ಕಡೆ, ದಿನವೂ ನಾನು ಅವಳನ್ನು ಕಾಣುವ ಬೆಳಕಿನಲ್ಲಿ, ಆರಡಿ ದೂರ ನಿಂತೆ. “ನಗಮ್ಮ” ಎನ್ನಲಿಲ್ಲ. ಅವಳು ಮೊರ ಕೇರುವುದನ್ನು ನಿಲ್ಲಿಸಿ, ಇವನಿನ್ನೂ ನಿಂತೇ ಇದ್ದಾನಲ್ಲ ಎಂಬಂತೆ ನೋಡಿದಾಗ ತೆಗೆದೆ.

ಅಮ್ಮ ಅದನ್ನೂ ದೂರ ಹಿಡಿದು ನೋಡಿದಳು. ಗಾಜಿನ ಮೇಲೆ ಕೆನ್ನೆಯ ಕಡೆ ಬೆರಳಾಡಿಸಿದಳು.

“ಹೂಂ. ಇದು ನಾನೇ.”

“ಹಾಗಾದರೆ ಹಾಕಲೇನಮ್ಮ, ನಿನ್ನ ಕಿಟಕಿಗೆ?”

“ಯಾರಿಗೆ ತೋರಿಸೋಕೆ? ನನಗೆ ಫೋನು ಮಾಡೋರಿಗೆಲ್ಲ ನನ್ನ ಮುಖ ಗೊತ್ತು. ಗೊತ್ತಿಲ್ಲದೋರಿಗೆ ಗೊತ್ತಾಗಿ ಏನಾಗಬೇಕು?”

ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಅವಳ ಕಿಟಕಿಯಲ್ಲಿ ಬೂದು ಗೊಂಬೆಯೇ ಇದೆ.

ಚಿತ್ರವನ್ನು ಮಾತ್ರ ದೊಡ್ಡದಾಗಿ ಅಚ್ಚು ಹಾಕಿಸಲು ಅದೇ ಸ್ಟುಡಿಯೋಕ್ಕೆ ಒಯ್ದೆ. ಹುಡುಗ ಅಭ್ಯಾಸಬಲದಿಂದ ಅಮ್ಮನ ಕೆನ್ನೆಯ ಕಡೆ ಬಾಣದ ಗುರುತನ್ನು ಒಯ್ದ. “ಏನೂ ತಿದ್ದಬೇಡಪ್ಪ” ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. “ಅದಕ್ಕೆ ಬೇರೆ ಚಾರ್ಜ್ ಇಲ್ಲ ಸಾರ್, ಫ್ರೀ” ಎಂದ. ಫ್ರೀಯಾದರೂ ಬೇಡವೆಂದೆ.

ಚೌಕಟ್ಟು ಹಾಕಿಸಿ ತಂದಾಗ ಎಲ್ಲಿ ತೂಗುಹಾಕುವುದೆಂಬ ಪ್ರಶ್ನೆ ಬಂತು. ಹಜಾರದ ಗೋಡೆಯಲ್ಲಿ ಗಂಧದ ಹಾರ ಹಾಕಿದ ಅಪ್ಪನ ಪಟವಿದೆ, ಪಕ್ಕದಲ್ಲಿ ಜಾಗವಿದೆ. ಜಾಗವಿದ್ದರೂ ಅಲ್ಲಿ ಹಾಕಲು ಯಾರಿಗೂ ಕೈಬರಲಿಲ್ಲ. ಅಮ್ಮನೇ ಪಟವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮೊದಲಿನದನ್ನು ತಳದಲ್ಲಿ ಬಿಟ್ಟು, ಇದನ್ನು ಮೇಲಿಟ್ಟಳು.

“ಹಾಕೋ ಕಾಲ ಬಂದಾಗ ಇದನ್ನೇ ಹಾಕು. ಇನ್ನೊಂದನ್ನ ಹಾಕಿದರೆ ನಿಮ್ಮಪ್ಪ ಯಾರೋ ಏನೋ ಅಂತ ಅತ್ತ ಮುಖ ತಿರುಗಿಸ್ತಾರೆ” ಎಂದು ನಕ್ಕಳು. ಕ್ಯಾಮೆರಾ ನನ್ನ ಕೈಯಲ್ಲಿರಲಿಲ್ಲ.

ನನ್ನ ಭಾವಚಿತ್ರದ ವಿಷಯ ಕೇಳುವಿರಾ? ಬದಲಾಯಿಸಬೇಕೆಂದು ಕಚೇರಿಯಲ್ಲಿ ವಿಚಾರಿಸಿದೆ. ಸಮಿತಿಯವರು ಬಂದು ಹೋಗುವವರೆಗೆ ಜಾಲತಾಣವನ್ನು ಮುಟ್ಟತಕ್ಕದ್ದಲ್ಲವೆಂದು ಗುಮಾಸ್ತರು ಹೇಳಿದರು. ನಾನೂ ಬಹಳ ಒತ್ತಾಯ ಮಾಡಲಿಲ್ಲ. ನರುಲ್ಲಿಯಿಲ್ಲದ, ಕಪ್ಪು ಕೂದಲಿನ, ಸದಾ ಪ್ರಸನ್ನನಾದ ನನ್ನ ತಮ್ಮ ಇನ್ನೂ ಅಲ್ಲಿ ಕುಳಿತಿದ್ದಾನೆ. ವಾಚಕರಲ್ಲಿ ಯಾರಾದರೂ ಅವನನ್ನು ಕಂಡರೆ, ದಯವಿಟ್ಟು ಹೊಗಳಬೇಡಿ.